ಎಲ್ಲಾ ಉಪ್ಪುಗಾಳಿ ಮಾಷ್ಟ್ರೇ

ಇವತ್ತು ಬೆಳಿಗ್ಗೆ ಕಾರಿನ ಬಾಗಿಲು ತೆಗೆದು ಎಡಗಾಲು ಒಳಗಿಟ್ಟೆ. ಪಚಕ್ ಅಂತು. ರಾತ್ರಿಯಿಡೀ ಸುರಿದ ಮಳೆಯ ಒಂದು ಪಾಲು ನನ್ನ ಕ್ಲಚ್ಚಿನ ಕೆಳಗೆ ಬಂದು ಕೂತಿತ್ತು. ಒದ್ದೆ ಕಾಲುಚೀಲದಲ್ಲೇ ಶಾಲೆಗೆ ಹೋದೆ. ಮೊದಲ ಪಿರಿಯಡ್ಡಿನ ಪಾಠ ಜಲಚಕ್ರ.

ಈ ಕಾರು 2014ರ ಮಾಡೆಲ್, ಡೀಸೆಲ್. ನಾನು ಸೆಕೆಂಡ್ ಹ್ಯಾಂಡ್ ತಗೊಂಡದ್ದು 2019ರಲ್ಲಿ. ನಾಲ್ಕು ಮೀಟರಿನೊಳಗಿನ ಪುಟ್ಟ ಎಸ್‌ಯುವಿ. ಉದ್ದ ನಾಲ್ಕು ಮೀಟರ್ ದಾಟದೆ, ಡೀಸೆಲ್ ಇಂಜಿನ್ 1500 ಸಿಸಿ ದಾಟದೆ ಇದ್ದರೆ ತೆರಿಗೆ ಕಡಿಮೆ ಅಲ್ವಾ, ಅದಕ್ಕೇ ಹಿಂಬದಿಯನ್ನು ಕತ್ತಿಯಲ್ಲಿ ಕಡಿದ ಹಾಗೆ ಕಡಿದಿರುತ್ತಾರೆ. ಎದುರಿಂದ ನೋಡಿದರೆ ಕಂಬಳದ ಕೋಣ. ಹಿಂದಿನಿಂದ ನೋಡಿದರೆ ಕರು.

"ಘಟ್ಟದ ಮೇಲಿನ ಗಾಡಿ ಸರ್, ಕೆಎ 25, ಧಾರವಾಡದ್ದು. ಉಪ್ಪುಗಾಳಿ ಮೂಸಿಯೂ ನೋಡಿಲ್ಲ" ಅಂದಿದ್ದ ಬ್ರೋಕರ್. ಆ ಒಂದು ಮಾತಿಗೆ ಇಪ್ಪತ್ತು ಸಾವಿರ ಜಾಸ್ತಿ ಕೊಟ್ಟೆ.

ಆಮೇಲೆ ಆ ಉಪ್ಪುಗಾಳಿ ನನ್ನನ್ನು ಬಿಟ್ಟದ್ದೇ ಇಲ್ಲ. ನಮ್ಮ ಮೆಕ್ಯಾನಿಕ್ ಅಣ್ಣನಿಗೆ ಅದು ಬಿಟ್ಟು ಬೇರೆ ಕಾರಣವೇ ಗೊತ್ತಿಲ್ಲ. ಸೈಲೆನ್ಸರ್ ತುಕ್ಕು ಹಿಡಿಯಿತು. "ಉಪ್ಪುಗಾಳಿ ಮಾಷ್ಟ್ರೇ." ಸರಿ, ಒಪ್ಪಿದೆ. ಎಸಿಯ ಕೂಲಿಂಗ್ ಕಾಯಿಲ್ ಲೀಕ್ ಆಯ್ತು. "ಉಪ್ಪುಗಾಳಿ." ಅದನ್ನೂ ಒಪ್ಪಿದೆ. ಕ್ಲಚ್ ಪ್ಲೇಟ್ ಸವೆಯಿತು. ಉಪ್ಪುಗಾಳಿ. ಮಂಗಳೂರಿನ ನಂತೂರು ಸರ್ಕಲ್ಲಿನಲ್ಲಿ ದಿನಾ ಹದಿನೈದು ನಿಮಿಷ ಕ್ಲಚ್ ತುಳಿದುಕೊಂಡು ಇಂಚಿಂಚು ಹೋಗುವವ ನಾನು, ಹೆಸರು ಸಮುದ್ರಕ್ಕೆ. ಒಮ್ಮೆ ರೇಡಿಯೊ ಒಂದೇ ಸ್ಟೇಷನ್ನಿನಲ್ಲಿ ಸಿಕ್ಕಿಕೊಂಡಿತು, ಅದಕ್ಕೂ ಅದೇ ಉತ್ತರ. ನನ್ನ ಮನೆ ಇರುವುದು ಸಮುದ್ರದಿಂದ ದೂರ, ಬಜಪೆಯಲ್ಲಿ ಮಾರಾಯ್ರೆ, ನಾನು ಸಮುದ್ರ ನೋಡದೆ ಆರು ತಿಂಗಳಾಯ್ತು! 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದು ಕೂತಾಗ ನನಗೆ ಮೊದಲು ನೆನಪಾದದ್ದು ಈ ಮನುಷ್ಯ.

ನ್ಯಾಯವಾಗಿ ಹೇಳಬೇಕೆಂದರೆ ಇಂಜಿನ್ ಒಮ್ಮೆಯೂ ಕೈಕೊಟ್ಟಿಲ್ಲ. 1,38,000 ಕಿಲೋಮೀಟರ್ ಆಯ್ತು. ಆಯಿಲ್, ಫಿಲ್ಟರ್ ಹೊತ್ತಿಗೆ ಸರಿಯಾಗಿ ಹಾಕಿಸಿದರೆ ಅದು ತನ್ನ ಪಾಡಿಗೆ ತಾನು ದುಡಿಯುತ್ತದೆ. ಸಾಯುವುದೆಲ್ಲ ಅದರ ಸುತ್ತಮುತ್ತಲಿನ ನೆಂಟರು. ಬುಷ್, ಬೇರಿಂಗ್, ಬ್ಯಾಟರಿ, ವೈರು.

ಹೋದ ತಿಂಗಳಿಂದ ಒಂದು ಹೊಸ ಸದ್ದು. ಕೆಂಜಾರಿನ ತಿರುವಿನಲ್ಲಿ ಎಡಕ್ಕೆ ತಿರುಗಿಸಿದರೆ ಗುಡುಗುಡುಗುಡು, ಟಕ್. ಬಲಕ್ಕೆ ತಿರುಗಿಸಿದರೆ ಮತ್ತೆ ಗುಡುಗುಡುಗುಡು, ಟಕ್. ನೇರ ರಸ್ತೆಯಲ್ಲಿ ಏನೂ ಇಲ್ಲ. ಅಣ್ಣ ಲಿಂಕ್ ರಾಡ್ ಬದಲಾಯಿಸಿದ. ಗುಡುಗುಡು, ಟಕ್. ಲೋವರ್ ಆರ್ಮಿನ ಬುಷ್ ಬದಲಾಯಿಸಿದ. ಟಕ್. ಕೊನೆಗೆ ತಾನೇ ಸ್ಟೇರಿಂಗ್ ಹಿಡಿದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ತಿರುವು ಬಂತು. ಸದ್ದೂ ಬಂತು. ಸಂಗೀತ ಕಛೇರಿಯಲ್ಲಿ ಕೂತವರ ಹಾಗೆ ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ ಕೇಳತೊಡಗಿದ. "ಅಣ್ಣಾ, ಕಣ್ಣು ಬಿಡಿ, ಎದುರು ಬಸ್ ಉಂಟು!" ಅಂತ ನಾನು ಕಿರುಚಿದೆ. ಬಸ್ಸಿನವ ತುಳುವಿನಲ್ಲಿ ನಮ್ಮಿಬ್ಬರ ವಂಶವನ್ನು ನೆನೆದು ಹೋದ. ಅಣ್ಣ ಮಾತ್ರ ನಿಧಾನಕ್ಕೆ ಕಣ್ಣು ತೆರೆದು, "ದಾಲ ಇಜ್ಜಿ, ಏನೂ ಇಲ್ಲ ಮಾಷ್ಟ್ರೇ. ಒಳಗೆ ಎಲ್ಲೋ ಉಪ್ಪು ಕೂತಿದೆ" ಅಂದ.

ಇವತ್ತು ಸಂಜೆ ಪಚಕ್ ವಿಷಯ ಹೇಳಿ ಗಾಡಿ ಬಿಟ್ಟೆ. ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದ. ಅಡಿಯಲ್ಲಿ ಬೆರಳುದ್ದದ ಪೆನ್ಸಿಲ್ ತುಂಡು, ಚಿಟ್ಟೆಯ ಒಂದು ಹೇರ್‌ಕ್ಲಿಪ್, ಮೂಲೆಯಲ್ಲಿ ಗಟ್ಟಿಯಾಗಿ ಕೂತ ಕಪ್ಪು ಮಣ್ಣು. ನಮ್ಮೂರಿನ ಮಣ್ಣು ಕೆಂಪು. ಇದು ಧಾರವಾಡದ ಎರೆ. ಅಲ್ಲಿ ಯಾರದ್ದೋ ಮಗು ಹಿಂದಿನ ಸೀಟಲ್ಲಿ ಕೂತು ಹೋಂವರ್ಕ್ ಮಾಡಿರಬೇಕು. ಈಗ ಕಾಲೇಜಿಗೆ ಹೋಗುತ್ತಿರಬಹುದು. ಗಾಡಿ ಕೊಟ್ಟ ದಿನ ಅತ್ತಿತ್ತೋ ಏನೋ. ಕ್ಲಿಪ್ಪನ್ನು ಬಿಸಾಡಲು ಮನಸ್ಸು ಬರಲಿಲ್ಲ, ಕಿಸೆಗೆ ಹಾಕಿಕೊಂಡೆ.

ಅಷ್ಟರಲ್ಲಿ ಅಣ್ಣ ವೈಪರ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿದ್ದ. ಮಳೆನೀರು ಹರಿದುಹೋಗುವ ತೂತಿನ ಮೇಲೆ ನಮ್ಮ ಹಲಸಿನ ಮರದ ಎಲೆಗಳೆಲ್ಲ ಕೊಳೆತು ಕೂತಿದ್ದವು. ದಾರಿ ಕಟ್ಟಿದ ನೀರು ಒಳಗೆ ಇಳಿದಿತ್ತು. ಎಲೆ ಬಗೆದರೆ ಅಡಿಯಲ್ಲಿ ಅಡಿಕೆ! ಒಂದಲ್ಲ, ಹನ್ನೊಂದು. ಗುಂಡಗೆ ಒಣಗಿದ ಚಾಲಿ. ಜಗಲಿಯ ಗೋಣಿಯಿಂದ ಇಲಿ ಸಾಗಿಸಿ, ನನ್ನ ಕಾರಿನಲ್ಲಿ ಗೋಡೌನ್ ಮಾಡಿತ್ತು. ತಿರುವು ಬಂದಾಗಲೆಲ್ಲ ಅವು ಆ ತುದಿಯಿಂದ ಈ ತುದಿಗೆ ಉರುಳುತ್ತಿದ್ದವು. ಗುಡುಗುಡುಗುಡು, ಟಕ್.

ನಾನು ಅಣ್ಣನ ಮುಖ ನೋಡಿದೆ. ಈಗ ಏನು ಹೇಳ್ತಾನೆ ನೋಡುವ ಅಂತ. ಅವನು ಒಂದು ಅಡಿಕೆ ಎತ್ತಿ ಬೆಳಕಿಗೆ ಹಿಡಿದ. ಉಗುರಿನಿಂದ ಕೆರೆದ. ಮೂಸಿದ.

"ಒಳ್ಳೆ ಮಾಲು ಮಾಷ್ಟ್ರೇ. ನಿಮ್ಮದೇ ತೋಟದ್ದಾ?"

ಲಿಂಕ್ ರಾಡಿನ ದುಡ್ಡಿನ ಮಾತು ಅವನೂ ಎತ್ತಲಿಲ್ಲ, ನನಗೂ ಬಾಯಿ ಬರಲಿಲ್ಲ. ತೂತು ಕ್ಲೀನ್ ಮಾಡಿದ್ದಕ್ಕೆ ಮುನ್ನೂರು ಕೊಟ್ಟು ಬಂದೆ. ಕಾರ್ಪೆಟ್ ಈಗ ಜಗಲಿಯಲ್ಲಿ, ಮೂರು ದಿನದಿಂದ ಒಣಗದ ಬನಿಯನ್ನುಗಳ ಪಕ್ಕ ನೇತಾಡುತ್ತಿದೆ. ಅಮ್ಮನಿಗೆ ಕೊಡಲೆಂದು ಅಡಿಕೆಯ ಪೊಟ್ಟಣ ಬಿಚ್ಚಿದರೆ ಎಂಟೇ ಇವೆ.