ಯೂಕ್ಯಾರಿಯೋಟ್: ತಿರುಳು ಇರುವ ಕೋಶ
ಜೀವಕೋಶಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್. ಆದರೆ ‘ಯೂಕ್ಯಾರಿಯೋಟ್ ಅಂದರೆ ದೊಡ್ಡ ಜೀವಕೋಶ’ ಎಂದು ಬರೆದಿದ್ದೀರಿ, ಅದು ಸರಿಯಲ್ಲ. ಯೀಸ್ಟ್ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು, ಅದೂ ಯೂಕ್ಯಾರಿಯೋಟೇ ಅಲ್ವಾ? ಗ್ರೀಕ್‌ನಲ್ಲಿ ‘ಯೂ’ ಅಂದರೆ ಒಳ್ಳೆಯ, ಸರಿಯಾದ. ‘ಕ್ಯಾರಿಯಾನ್’ ಅಂದರೆ ಬೀಜದ ತಿರುಳು. ಕೋಶದಲ್ಲಿ ಆ ತಿರುಳೇ ಕೋಶಕೇಂದ್ರ (ನ್ಯೂಕ್ಲಿಯಸ್), ಸುತ್ತ ಪೊರೆ ಇರುತ್ತದೆ. ಇಂಥ ಕೋಶವಿರುವ ಜೀವಿಯೇ ಯೂಕ್ಯಾರಿಯೋಟ್. ಬ್ಯಾಕ್ಟೀರಿಯಾದಲ್ಲಿ ಆ ಪೊರೆ ಇಲ್ಲ, ಅದು ಪ್ರೊಕ್ಯಾರಿಯೋಟ್.

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡುವಾಗ ನಾನು ಸುಟ್ಟ ಗೇರುಬೀಜ ಒಡೆದು ತೋರಿಸುತ್ತೇನೆ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಕಂದು ಬಣ್ಣದ ತೆಳು ಪೊರೆ, ಅದರೊಳಗೆ ಬಿಳಿ ತಿರುಳು. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಉಚ್ಚಾರಣೆ ಯೂ-ಕ್ಯಾ-ರಿ-ಓಟ್, ಒತ್ತು ‘ಕ್ಯಾ’ ಮೇಲೆ. ‘ಯುಕಾರ್ಯೋಟ್’ ಎಂದು ಕಲಿತ ಮಕ್ಕಳು ಮುಂದೆ ಇಂಗ್ಲಿಷ್ ತರಗತಿಯಲ್ಲಿ ತಡವರಿಸುವುದನ್ನು ಕಂಡು ಬೇಸರವಾಗಿದೆ. ದಯವಿಟ್ಟು ತಿದ್ದಿ.