ಸ್ಮಾರ್ಟ್ ಮೀಟರ್ ಇರಲಿ, ಹಳೇ ಪೈಪಿನ ಲೆಕ್ಕ ಎಲ್ಲಿ?

ದೊಡ್ಡ ಕರೆಂಟು, ಗ್ಯಾಸ್ ಕಂಪನಿಗಳು ಆಧುನೀಕರಣ ಅಂದ ತಕ್ಷಣ ತೋರಿಸುವುದು ಸ್ಮಾರ್ಟ್ ಮೀಟರ್, ಆ್ಯಪ್, ಗೋಡೆ ತುಂಬಾ ಪರದೆ ಇರುವ ಕಂಟ್ರೋಲ್ ರೂಮ್. ಬೇಡ ಅನ್ನುತ್ತಿಲ್ಲ. ಕೊಂಬೆ ತಗುಲಿ ಟ್ರಿಪ್ ಆದ ಲೈನನ್ನು ತಾನೇ ಮತ್ತೆ ಚಾಲೂ ಮಾಡುವ ರೀಕ್ಲೋಸರ್ ಕಂಡರೆ ನನಗೂ ಖುಷಿಯೇ. ಆದರೆ ನೆಲದಡಿ ತನ್ನದು ಏನೇನಿದೆ ಅಂತಲೇ ಸರಿಯಾಗಿ ಗೊತ್ತಿಲ್ಲದ ಕಂಪನಿಗೆ ಪರದೆಯಿಂದ ಏನು ಪ್ರಯೋಜನ?

2018ರ ಸೆಪ್ಟೆಂಬರ್ 13ರಂದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಲಾರೆನ್ಸ್‌ನಲ್ಲಿ ನಡೆಯುತ್ತಿದ್ದದ್ದು ಆಧುನೀಕರಣದ ಕೆಲಸವೇ. ಎರಕದ ಕಬ್ಬಿಣದ ಹಳೇ ಗ್ಯಾಸ್ ಪೈಪಿನ ಬದಲು ಪ್ಲಾಸ್ಟಿಕ್ ಪೈಪ್ ಹಾಕುತ್ತಿದ್ದರು. ಮನೆಗಳಿಗೆ ಹೋಗುವ ಗ್ಯಾಸಿನ ಒತ್ತಡ ಕಾಯುವುದು ರೆಗ್ಯುಲೇಟರ್. ಪೈಪಿನಲ್ಲಿ ಒತ್ತಡ ಎಷ್ಟಿದೆ ಅಂತ ಅದಕ್ಕೆ ತಿಳಿಸಲು ಒಂದು ಸಣ್ಣ ಕೊಳವೆ ಇರುತ್ತದೆ, ಸೆನ್ಸಿಂಗ್ ಲೈನ್. ಆ ಕೊಳವೆ ಇನ್ನೂ ಹಳೇ ಪೈಪಿಗೇ ಸೇರಿಕೊಂಡಿತ್ತು. ಕೆಲಸದವರ ಕೈಗೆ ಕೊಟ್ಟ ಪ್ಲಾನಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಹಳೇ ಪೈಪ್ ಬಂದ್ ಮಾಡಿದರು, ಅದರಲ್ಲಿ ಒತ್ತಡ ಇಳಿಯಿತು. ರೆಗ್ಯುಲೇಟರ್ ಪಾಪ, ಗ್ಯಾಸ್ ಸಾಲುತ್ತಿಲ್ಲ ಅಂದುಕೊಂಡು ಪೂರ್ತಿ ತೆರೆದುಕೊಂಡಿತು! ಹೊಸ ಪೈಪಿನಲ್ಲಿ ಒತ್ತಡ ಏರುತ್ತಲೇ ಹೋಗಿ ಅಕ್ಕಪಕ್ಕದ ಊರುಗಳಲ್ಲೂ ಮನೆಗಳು ಹೊತ್ತಿಕೊಂಡವು, ಸ್ಫೋಟವಾದವು. ಒಬ್ಬ ಯುವಕ ಸತ್ತ. ದೂರದ ಒಹಾಯೊದಲ್ಲಿದ್ದ ಕಂಟ್ರೋಲ್ ರೂಮಿಗೆ ಅಲಾರಂ ಬಂದಿತ್ತು. ಆದರೆ ಅಲ್ಲಿ ಕೂತವರಿಗೆ ಗ್ಯಾಸ್ ನಿಲ್ಲಿಸುವ ದಾರಿ ಇರಲಿಲ್ಲ, ಫೋನ್ ಮಾಡಿ ಹೇಳಬಹುದಿತ್ತು ಅಷ್ಟೇ.

ಇನ್ನೊಂದು ಕಡೆ ಕಾಗದವೇ ಸುಳ್ಳು ಹೇಳಿತು. 2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ ಗ್ಯಾಸು, ಕರೆಂಟು ಎರಡೂ ಕೊಡುವ ಪಿಜಿ ಆ್ಯಂಡ್ ಇ ಕಂಪನಿಯ ಗ್ಯಾಸ್ ಪೈಪ್ ಸಿಡಿದು 8 ಜನ ಸತ್ತರು. 1956ರಲ್ಲಿ ಹಾಕಿದ ಪೈಪು. ದಾಖಲೆಯ ಪ್ರಕಾರ ಅದಕ್ಕೆ ಬೆಸುಗೆಯ ಗೆರೆಯೇ ಇಲ್ಲ. ಸಿಡಿದ ಮೇಲೆ ನೋಡಿದರೆ ತುಂಡು ತುಂಡು ಸೇರಿಸಿದ್ದು, ಬೆಸುಗೆಯೂ ಕೆಟ್ಟದಾಗಿತ್ತು. ಗ್ಯಾಸ್ ನಿಲ್ಲಿಸಲು 95 ನಿಮಿಷ ಹಿಡಿಯಿತು, ವಾಲ್ವ್ ಇದ್ದಲ್ಲಿಗೇ ಜನ ಹೋಗಿ ಕೈಯಲ್ಲಿ ತಿರುಗಿಸಬೇಕಿತ್ತು. ಎಂಟು ವರ್ಷದ ನಂತರ ಅದೇ ಕಂಪನಿಯ ಕರೆಂಟ್ ಟವರೊಂದರಲ್ಲಿ ತಂತಿ ಹಿಡಿದಿದ್ದ ಸುಮಾರು ನೂರು ವರ್ಷ ಹಳೆಯ ಕೊಕ್ಕೆ ಸವೆದು ತುಂಡಾಗಿ ಕಾಡಿಗೆ ಬೆಂಕಿ ಬಿತ್ತು. ಪ್ಯಾರಡೈಸ್ ಎಂಬ ಊರು ಸುಟ್ಟುಹೋಯಿತು, ಸತ್ತವರು 85 ಜನ.

ಇದೆಲ್ಲ ಬರೀ ಸೋಮಾರಿತನ ಅಂತ ನನಗೆ ಅನಿಸುವುದಿಲ್ಲ. ದುಡ್ಡಿನ ಲೆಕ್ಕವೇ ಹಾಗಿದೆ. ಬಹಳಷ್ಟು ದೇಶಗಳಲ್ಲಿ ಹೊಸದಾಗಿ ಹಾಕಿದ ಬಂಡವಾಳದ ಮೇಲೆ ಇಂತಿಷ್ಟು ಲಾಭ ಅಂತ ದರದಲ್ಲಿ ಸೇರಿಸಿಕೊಳ್ಳಲು, ದರ ನಿಗದಿ ಮಾಡುವ ನಿಯಂತ್ರಣ ಆಯೋಗ ಬಿಡುತ್ತದೆ. ಹೊಸ ಮೀಟರ್ ಹಾಕಿದರೆ ಬಂಡವಾಳ. ಟವರ್ ಹತ್ತಿ ಕೊಕ್ಕೆ ನೋಡಿದರೆ, ಮರ ಕಡಿದರೆ, ಹಳೇ ನಕ್ಷೆ ಸರಿಮಾಡಿದರೆ ಸಾಮಾನ್ಯವಾಗಿ ಅದು ಬರೀ ಖರ್ಚು. ಯಾವ ಮ್ಯಾನೇಜರ್ ಯಾವುದನ್ನು ಆರಿಸಿಕೊಳ್ಳುತ್ತಾನೆ, ಹೇಳಬೇಕಾ?

ಬೋರು ಹೊಡೆಸುವ ಕೆಲಸವನ್ನೂ ಮಾಡಿಸಬಹುದು, ನಿಯಮ ಇರಬೇಕು ಅಷ್ಟೇ. ಬ್ರಿಟನ್‌ನಲ್ಲಿ 2002ರಲ್ಲಿ ಒಂದು ಯೋಜನೆ ಶುರುವಾಯಿತು. ಕಟ್ಟಡಗಳಿಂದ 30 ಮೀಟರ್ ಒಳಗಿರುವ ಕಬ್ಬಿಣದ ಗ್ಯಾಸ್ ಪೈಪುಗಳನ್ನು 30 ವರ್ಷದಲ್ಲಿ ಬದಲಾಯಿಸಬೇಕು ಅಂತ. ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳುವ ಕೆಲಸ ಅಲ್ಲ. ರಸ್ತೆ ಅಗೆದಾಗೆಲ್ಲ ಜನ ಬೈಯುತ್ತಾರೆ. ಆದರೂ ಮಾಡುತ್ತಾ ಬಂದಿದ್ದಾರೆ.

ಕಂಪನಿಗಳು ದರ ಏರಿಸಲು ಅರ್ಜಿ ಹಾಕುವಾಗ ಎಷ್ಟು ಸ್ಮಾರ್ಟ್ ಮೀಟರ್ ಹಾಕಿದಿರಿ ಅನ್ನುವುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಬೇಕು. ನಿಮ್ಮ ಪೈಪು, ಟವರುಗಳಲ್ಲಿ ವಯಸ್ಸೇ ಗೊತ್ತಿಲ್ಲದವು ಎಷ್ಟು? ಅವುಗಳನ್ನು ಕೊನೆಯ ಸಲ ಹತ್ತಿರ ಹೋಗಿ ನೋಡಿದ್ದು ಯಾವಾಗ? ಉತ್ತರ ಬರೋವರೆಗೂ ಅರ್ಜಿ ಮುಂದಕ್ಕೆ ಹೋಗಬಾರದು.