ಕಾರ್ ಇಳ್ಸೋ ಮುಂಚೆ ಒಂದ್ಸಲ ಕೆಳಗೆ ಮಲ್ಕೊಂಡ್ ನೋಡಿ

ಭಾನುವಾರ ನಂದಿ ಕ್ರಾಸ್ ಹತ್ರ ಟೀ ಕುಡೀತಾ ನಿಂತಿದ್ದೆ, ಒಬ್ಬ ಹುಡುಗ ನನ್ನ ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಸುತ್ತ ಎರಡು ರೌಂಡ್ ಹೊಡ್ದು "ಅಣ್ಣಾ, ಇಂಥ ಗಾಡೀನ ಯಾಕಣ್ಣ ಇಷ್ಟ್ ಎತ್ತರ ಇಟ್ಟಿದ್ದೀರ, ಕಾಯಿಲ್‌ಓವರ್ ಹಾಕ್ಸಿ ಎರಡಿಂಚು ಇಳ್ಸಿ" ಅಂದ. ಕಾಯಿಲ್‌ಓವರ್ ಅಂದ್ರೆ ಗಾಡಿ ಎತ್ತರ ಹೆಚ್ಚುಕಮ್ಮಿ ಮಾಡಕ್ಕಾಗೋ ಸ್ಪ್ರಿಂಗು-ಶಾಕಪ್ ಸೆಟ್ಟು. ಅಲ್ಲೇ ಉತ್ತರ ಹೇಳಕ್ ಕೂತಿದ್ರೆ ಟೀ ಆರೋಗ್ತಿತ್ತು, ಅದಕ್ಕೇ ಇಲ್ಲಿ ಬರೀತಿದೀನಿ.

ನಂದು 2005ರ ಗಾಡಿ. 1.8 ಲೀಟರ್ ಟರ್ಬೋ ಪೆಟ್ರೋಲ್, 150 ಕುದುರೆ. ಹೊರದೇಶದ ಆರ್‌ಎಸ್‌ಗೆ 180 ಇತ್ತು, ನಮಗೆ ಮೂವತ್ತು ಕಟ್ ಮಾಡಿ ಕೊಟ್ರು, ಇರ್ಲಿ ಬಿಡಿ. ಇದರ ಹಿಂದೆ ಒಂದೊಂದು ಚಕ್ರಕ್ಕೂ ಬೇರೆ ಬೇರೆ ತೋಳಿರೋ ಮಲ್ಟಿಲಿಂಕ್ ಗಿಲ್ಟಿಲಿಂಕ್ ಏನೂ ಇಲ್ಲ. ಎರಡು ಚಕ್ರಾನೂ ಸೇರ್ಸೋ ಒಂದೇ ಟಾರ್ಷನ್ ಬೀಮು, ಅಂದ್ರೆ ತಿರುಚ್ಕೊಳ್ಳೋ ಅಡ್ಡ ತೊಲೆ, ಬೀಮನ್ನ ಬಾಡಿಗೆ ಹಿಡಿಯೋ ಎರಡು ದೊಡ್ಡ ರಬ್ಬರ್ ಬುಷ್ಷು, ಸ್ಪ್ರಿಂಗ್ ಒಂದ್ ಕಡೆ ಶಾಕಪ್ ಇನ್ನೊಂದ್ ಕಡೆ, ಅಷ್ಟೇ. ಆ ಬುಷ್ ಇದೆಯಲ್ಲ, ಅದನ್ನ ಯಾರೂ ಕೇಳಲ್ಲ, ಯಾಕಂದ್ರೆ ಅದು ಫೋಟೋದಲ್ಲಿ ಕಾಣಲ್ಲ.

ನಾನೂ ಕೇಳಿರ್ಲಿಲ್ಲ. ಹಂಪ್ ಹತ್ತಿ ಇಳಿದಾಗೆಲ್ಲ ಹಿಂದೆ ದಡ್ ಅಂತಿತ್ತು, ತಿರುವಲ್ಲಿ ಬಾಲ ಒಂದು ಕ್ಷಣ ತಡವಾಗಿ ಬಂದಂಗಾಗ್ತಿತ್ತು, ಶಾಕಪ್ ಹೋಗಿದೆ ಅಂದ್ಕೊಂಡು ಬಿಲ್‌ಸ್ಟೈನ್ ಬಿ6 ತರಿಸ್ದೆ. ಒಳ್ಳೇ ಮಾಲು, ಅನುಮಾನ ಇಲ್ಲ. ಕಂಪನಿ ಎತ್ತರದ ಸ್ಪ್ರಿಂಗಿಗೆ ಬಿ6, ಇಳಿಸಿದ ಸ್ಪ್ರಿಂಗಿಗೆ ಬಿ8, ಇದನ್ನ ಅದಲುಬದಲು ಮಾಡಿ ತಂದು ಒದ್ದಾಡಿದವರನ್ನ ನೋಡಿದೀನಿ. ಹಾಕೋದೂ ಸಲೀಸು, ಚಕ್ರದ ಗೂಡಲ್ಲಿ ಮೇಲೆ ಎರಡು ಬೋಲ್ಟು, ಕೆಳಗೆ ಒಂದು. ಆದ್ರೆ ಹೊಸ ಶಾಕಪ್ ಹಾಕಿದ್ಮೇಲೂ ದಡ್ ಸದ್ದು ಹಂಗೇ! ಬೆಂಗಳೂರಿನ ಒಂದು ಗ್ಯಾರೇಜಲ್ಲಿ ನೋಡ್ಸಿದ್ರೆ ಬುಷ್ ಹರಿದು ಕಬ್ಬಿಣಕ್ಕೆ ಕಬ್ಬಿಣ ಬಡೀತಿತ್ತು.

ಅವರು ಬದಲಾಯ್ಸಿಕೊಟ್ರು. ಎಂಟೇ ತಿಂಗಳಿಗೆ ಮತ್ತೆ ಹರೀತು. ಯಾಕೆ ಅಂತ ಆಮೇಲೆ ನಮ್ಮೂರ ಮೇಸ್ತ್ರಿ ತೋರ್ಸಿದ್ರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈಕೊಂಡು. ಗಾಡಿ ಲಿಫ್ಟ್ ಮೇಲಿದ್ದಾಗ, ಚಕ್ರ ನೇತಾಡ್ತಿರೋವಾಗ್ಲೇ ಬುಷ್ಷಿನ ಬೋಲ್ಟ್ ಫುಲ್ ಟೈಟ್ ಮಾಡಿದಾರೆ, ಗಾಡಿ ಕೆಳಗಿಳಿದ ತಕ್ಷಣ ಬೀಮ್ ಮೇಲಕ್ಕೆ ತಿರುಗ್ತು, ರಬ್ಬರು ಸುಮ್ನೆ ನಿಂತಾಗ್ಲೂ ಹಿಂಡ್ಕೊಂಡೇ ಇತ್ತು. ಗಾಡಿ ಭಾರ ಚಕ್ರದ ಮೇಲೆ ಕೂತು ಅದರ ಮಾಮೂಲಿ ಎತ್ತರಕ್ಕೆ ಬಂದ್ಮೇಲೇ ಆ ಬೋಲ್ಟ್ ಕೊನೇ ಟೈಟು ಮಾಡ್ಬೇಕು. ಇದು ಗೊತ್ತಿಲ್ದೋನ ಕೈಗೆ ಎಷ್ಟು ಲಕ್ಷದ ಕಿಟ್ ಕೊಟ್ರೂ ಅಷ್ಟೇ. "ರಬ್ಬರ್ ಬದಲು ಗಟ್ಟಿ ಪಾಲಿಯುರೆಥೇನ್ ಬುಷ್ ಹಾಕ್ಸ್ಬಿಡು, ಜನ್ಮಕ್ಕೆ ಹರಿಯಲ್ಲ" ಅಂದೋರೂ ಇದಾರೆ. ಬೀಮ್ ತಿರುಚ್ಕೊಂಡೇ ಕೆಲ್ಸ ಮಾಡೋದು ಮಾರಾಯ್ರೆ, ಅದರ ಜೊತೆ ಬುಷ್ಷೂ ತಿರುಗ್ಬೇಕು, ಮೇಲಾಗಿ ತಿರುವಲ್ಲಿ ಪಕ್ಕದ ಒತ್ತಡಕ್ಕೆ ಹಿಂದಿನ ಚಕ್ರ ಹಾದಿ ತಪ್ಪದಂಗೆ ನೋಡ್ಕೊಳ್ಳೋ ಲೆಕ್ಕ ಹಾಕಿ ಆ ರಬ್ಬರ್ ಆಕಾರ ಮಾಡಿರ್ತಾರೆ. ನಾನು ಮತ್ತೆ ಒರಿಜಿನಲ್ ರಬ್ಬರೇ ಹಾಕ್ಸ್ದೆ. ಅದರ ಬೆಲೆ ಕಾಯಿಲ್‌ಓವರ್ ಸಾಲದ ಬಡ್ಡಿಗೂ ಸಾಲಲ್ಲ, ಗಾಡಿ ಮಾತ್ರ ಹತ್ತು ವರ್ಷ ಚಿಕ್ಕದಾಯ್ತು.

ಇಳ್ಸೋ ವಿಷ್ಯ. ಚಿಕ್ಕಬಳ್ಳಾಪುರದಿಂದ ಗುಡಿಬಂಡೆ ಕಡೆ ಒಂದ್ಸಲ ಹೋಗ್ಬನ್ನಿ, ಊರಿಗೊಂದು ಹಂಪು, ಕೆಲವು ನಮ್ಮಜನಾನೇ ರಾತ್ರೋರಾತ್ರಿ ಕಟ್ಟಿರೋದು. ನನ್ ಹಿಂದಿನ ಸೀಟಲ್ಲಿ ಅಮ್ಮ, ಅತ್ತೆ, ಡಿಕ್ಕೀಲಿ ದ್ರಾಕ್ಷಿ ಬಾಕ್ಸು. ಎರಡಿಂಚು ಇಳಿಸಿದ್ರೆ ಶಾಕಪ್ ಬಂಪ್ ಸ್ಟಾಪರ್, ಅಂದ್ರೆ ಪೂರ್ತಿ ಕುಸಿದಾಗ ತಡೆಯೋ ರಬ್ಬರ್, ಅದರ ಮೇಲೇ ಕೂತಿರುತ್ತೆ, ಸ್ಪ್ರಿಂಗಿಗೆ ಕೆಲಸಾನೇ ಇಲ್ಲ. ಇನ್ನು ಹಿಂದೆ ಕೂತೋಯ್ತು ಅಂತ ಸ್ಪ್ರಿಂಗ್ ಸುತ್ತುಗಳ ಮಧ್ಯೆ ರಬ್ಬರ್ ಬಫರ್ ತುರುಕ್ತಾರಲ್ಲ, ಅದೂ ನಂಗೆ ಆಗಲ್ಲ. ಸುತ್ತು ಕಮ್ಮಿ ಆದಷ್ಟೂ ಸ್ಪ್ರಿಂಗ್ ಗಡಸಾಗುತ್ತೆ, ಹಳೇ ಶಾಕಪ್ಪಿಗೆ ಅದನ್ನ ಹಿಡಿಯೋ ತಾಕತ್ತಿರಲ್ಲ, ಗಾಡಿ ಕಪ್ಪೆ ಥರ ಕುಪ್ಪಳಿಸುತ್ತೆ.

ದಪ್ಪ ರೇರ್ ಆಂಟಿರೋಲ್ ಬಾರ್, ಅಂದ್ರೆ ತಿರುವಲ್ಲಿ ಗಾಡಿ ಪಕ್ಕಕ್ಕೆ ವಾಲದಂಗೆ ಹಿಂದೆ ಹಾಕೋ ಕಂಬಿ? ಇದಕ್ಕೆ ನಂಗೂ ಆಸೆ ಇದೆ, ಸುಳ್ಳು ಹೇಳಲ್ಲ. ಫ್ರಂಟ್ ವೀಲ್ ಡ್ರೈವ್ ಗಾಡಿ ತಿರುವಲ್ಲಿ ಮೂತಿ ಹೊರಗೆ ಎಳ್ಕೊಂಡು ಹೋಗೋ ಚಾಳಿ ಅದರಿಂದ ಕಮ್ಮಿ ಆಗುತ್ತೆ. ಆದ್ರೆ ಅದು ಹಿಂದಿನ ಗ್ರಿಪ್ ಸ್ವಲ್ಪ ಕಿತ್ತು ಮುಂದಕ್ಕೆ ಕೊಟ್ಟಂಗೆ. ಮಳೆ, ಮಂಜು, ಹಿಂದೆ ಸವೆದ ಟೈರು, ನಂದಿ ಇಳಿಜಾರಲ್ಲಿ ಎದುರಿಗೆ ಸ್ಕೂಟಿ ಬಂತು ಅಂತ ಗಾಬರಿಲಿ ಆಕ್ಸಿಲರೇಟರ್ ಬಿಟ್ರೆ ಬಾಲ ಮುಂದೆ ಬರೋದು ಗ್ಯಾರಂಟಿ ಅನ್ನಲ್ಲ, ಆದ್ರೆ ಬಂದ್ರೆ ಆಶ್ಚರ್ಯ ಪಡ್ಬೇಡಿ. ನಾನು ಕೊಂಡಿರೋ ಬಾರ್ ಇನ್ನೂ ಮಂಚದ ಕೆಳಗೇ ಇದೆ, ನಾಲ್ಕೂ ಟೈರ್ ಹೊಸದು ಹಾಕಿದ್ಮೇಲೆ ನೋಡೋಣ ಅಂತ. ಕಸ ಗುಡಿಸೋವಾಗ ಪೊರಕೆ ತಗಲಿದಾಗೆಲ್ಲ ಮನೇಲಿ ಮಂತ್ರಾಕ್ಷತೆ.

ಅಂದಂಗೆ, ಯಾರತ್ರಾದ್ರೂ ಆರ್‌ಎಸ್‌ದು ಹಿಂದಿನ ಒರಿಜಿನಲ್ ಸ್ಪ್ರಿಂಗ್ ಜೋಡಿ ಇದ್ರೆ, ಕಟ್ ಮಾಡ್ದೇ ಇರೋದು, ಇನ್‌ಬಾಕ್ಸಿಗೆ ಬನ್ನಿ. ನಂದು ಎಡಗಡೇದು ಒಂಚೂರು ಕೂತಿದೆ.